ಇಪ್ಪತ್ತು ಗ್ರಾಂ ಹಕ್ಕಿ, ಎರಡೂವರೆ ಕಿಲೋ ಮಣ್ಣು

ತಾಳವಾಡಿ ಸೀಮೆಯ ಕರೆಂಟ್ ತಂತಿಗಳ ಮೇಲೆ ಕೂತು, ಚಂಗನೆ ಗಾಳಿಗೆ ಹಾರಿ, ಹುಳು ಕಚ್ಚಿಕೊಂಡು ಮತ್ತೆ ಅಲ್ಲಿಗೇ ಬಂದು ಕೂರುವ ಹಸಿರು ಹಕ್ಕಿಯೇ ಕಳ್ಳಿಪೀರ. ಪತ್ರಂಗ ಎನ್ನುವವರೂ ಇದ್ದಾರೆ. ನೆತ್ತಿಯಲ್ಲಿ ಹೊನ್ನಗಂದು, ಕಣ್ಣಿಗಡ್ಡವಾಗಿ ಕಪ್ಪು ಪಟ್ಟಿ. ತೂಕ 15ರಿಂದ 20 ಗ್ರಾಂ.

ಬೇಸಿಗೆ ಕಾಲಿಟ್ಟರೆ ಗಂಡು ಹೆಣ್ಣು ಸೇರಿ ಹಳ್ಳದ ದಂಡೆಯಲ್ಲೋ ಹೊಲದ ಬದುವಿನಲ್ಲೋ, ಒಮ್ಮೊಮ್ಮೆ ಬಯಲು ನೆಲದಲ್ಲೇ ಸುರಂಗ ತೋಡುತ್ತವೆ. ಕೊಕ್ಕಿನಿಂದ ಅಗೆಯುವುದು, ಕಾಲಿನಿಂದ ಹಿಂದಕ್ಕೆ ಒದೆಯುವುದು. ಹೀಗೆ ಒಂದೂವರೆ ಮೀಟರ್‌ವರೆಗೂ ಒಳಹೋಗುವುದುಂಟು. ಸುರಂಗದ ಅಗಲ ಬರೀ ನಾಲ್ಕು ಸೆಂಟಿಮೀಟರ್ ಎಂದಿಟ್ಟುಕೊಂಡರೂ ಹೊರಬೀಳುವ ಮಣ್ಣು ಸುಮಾರು ಎರಡೂವರೆ ಕಿಲೋ. ಜೋಡಿಯ ಒಟ್ಟು ತೂಕವೇ ಹೆಚ್ಚೆಂದರೆ 40 ಗ್ರಾಂ. ಮಣ್ಣು ಅದರ 60 ಪಟ್ಟು! ತಲಾ 60 ಕಿಲೋ ತೂಗುವ ಗಂಡಹೆಂಡತಿ ಗುದ್ದಲಿ, ಮಂಕರಿ ಇಲ್ಲದೆ ಏಳು ಟನ್ ಮಣ್ಣು ತೆಗೆದಂತೆ. ಇಷ್ಟೆಲ್ಲ ಮಾಡಿದ ಮೇಲೆ ಒಳಗೆ ಒಂದು ಹುಲ್ಲುಕಡ್ಡಿಯ ಹಾಸೂ ಇಲ್ಲ. ಬರಿಮಣ್ಣಿನ ಮೇಲೆ ಮೂರರಿಂದ ಐದು ದುಂಡನೆಯ ಬಿಳಿ ಮೊಟ್ಟೆ, ಅಷ್ಟೇ.

ಇನ್ನು ಊಟದ ಲೆಕ್ಕ. ಇದರ ದೊಡ್ಡ ದಾಯಾದಿಯಾದ ಯುರೋಪಿನ ಕಳ್ಳಿಪೀರ ದಿನಕ್ಕೆ ಸುಮಾರು 250 ಜೇನುಹುಳು ತಿನ್ನಬಲ್ಲದು. ಪ್ರತಿ ಹುಳುವನ್ನೂ ಕೊಂಬೆಗೆ ಬಡಿದು, ಹಿಂಭಾಗ ಉಜ್ಜಿ, ವಿಷ ಹಿಂಡಿದ ಮೇಲೇ ನುಂಗುವುದು. ಕಾಡಿನೊಳಗಿನ ನೀಲಿ ಗಡ್ಡದ ಕಳ್ಳಿಪೀರದ ಎದೆಗಾರಿಕೆ ಇದಕ್ಕೂ ಮಿಗಿಲು. ಹೆಜ್ಜೇನಿನ ಒಂದು ಹುಟ್ಟಿನಲ್ಲಿ ಹತ್ತಾರು ಸಾವಿರ ಹುಳುಗಳಿರುತ್ತವೆ. ಕಾಡಿನಲ್ಲಿ ಜೇನು ಕೊಯ್ಯುವ ಸೋಲಿಗರೂ ಹೊಗೆಯಿಲ್ಲದೆ ಹತ್ತಿರ ಹೋಗುವುದಿಲ್ಲ. ಈ ಹಕ್ಕಿ ಹೋಗಿ ಹುಟ್ಟನ್ನು ಕೆಣಕಿ, ಅಟ್ಟಿಸಿಕೊಂಡು ಬಂದ ಕಾವಲು ಹುಳುಗಳನ್ನೇ ಹಿಡಿದು ತಿನ್ನುತ್ತದೆ.

ತಾಳವಾಡಿಯ ಸುತ್ತಲಿನ ಸತ್ಯಮಂಗಲದಲ್ಲಿ ಹುಲಿಗಾಗಿ 2013ರಲ್ಲಿ 1,400 ಚದರ ಕಿಲೋಮೀಟರಿಗೂ ಮಿಕ್ಕಿದ ಕಾಡನ್ನು ಮೀಸಲಿಟ್ಟರು. ಅದು ಆಗಬೇಕಾದದ್ದೇ. ಆದರೆ ಹಸಿರು ಕಳ್ಳಿಪೀರದ ಮನೆ ಆ ಗಡಿಯ ಹೊರಗೆ, ಕೋಸು ಟೊಮೆಟೊ ಬೆಳೆಯುವ ಹೊಲದ ಅಂಚಿನಲ್ಲೂ ಇದೆ. ಅಲ್ಲಿ ಅದನ್ನು ಹೊಲದವರೇ ಕಾಯಬೇಕು. ಫೆಬ್ರವರಿಯಿಂದ ಜೂನ್ ನಡುವೆ ಬದು ಸವರಲು ಜೆಸಿಬಿ ಕರೆಸುವ ಮುನ್ನ ಒಮ್ಮೆ ಬದುವಿನುದ್ದ ನಡೆದು ನೋಡಿ. ತೂತಿನಿಂದ ಹಸಿರು ಹಕ್ಕಿ ಹೊರಬಂದರೆ ಕೆಲಸವನ್ನು ಜೂನ್ ಕಳೆಯುವವರೆಗೆ ಮುಂದೂಡಿ.