ಬಯಲೊಂದು, ಆಟ ಎರಡು



ನಿಮ್ಮಲ್ಲಿ ಹಲವರು ನನ್ನನ್ನು ಆಂಟಿ ಎಂದು ಕರೆಯುವವರು. ಕೆಲವರಂತೂ ನನ್ನ ಕಣ್ಣೆದುರಿಗೇ ಅಂಬೆಗಾಲಿಟ್ಟು ಬೆಳೆದವರು. ಆ ಸಲುಗೆಯಿಂದಲೇ ಈ ನಾಲ್ಕು ಮಾತು ಬರೆಯುತ್ತಿದ್ದೇನೆ. ಮಲಯಾಳಂ, ಇಂಗ್ಲಿಷ್ ಓದಿ ಬೆಳೆದ ನಿಮಗೆ ಕನ್ನಡ ಓದುವುದು ತುಸು ನಿಧಾನವಾದರೆ ಸಂಕೋಚ ಬೇಡ. ಮನೆಯಲ್ಲಿ ಅಮ್ಮನಿಂದಲೋ ಅಜ್ಜಿಯಿಂದಲೋ ಓದಿಸಿ ಕೇಳಿ.

ಕಳೆದ ವರ್ಷ ರಾಜ್ಯೋತ್ಸವದ ಕ್ರೀಡಾಕೂಟಕ್ಕೆ ಮುಂಚಿನ ಭಾನುವಾರ ಮೈದಾನದಲ್ಲಿ ನಡೆದದ್ದು ನಿಮಗೆ ಮರೆತಿರಲಾರದು. ಹುಡುಗರ ಕ್ರಿಕೆಟ್ ಅಭ್ಯಾಸ ಒಂದು ಕಡೆ, ಓಟದ ಹುಡುಗಿಯರ ಅಭ್ಯಾಸ ಇನ್ನೊಂದು ಕಡೆ. ಚೆಂಡೊಂದು ಹಾರಿ ಬಂದು ಓಡುತ್ತಿದ್ದ ಹುಡುಗಿಯ ಹುಬ್ಬಿನ ಮೇಲೆ ಬಡಿಯಿತು. ಎರಡು ಹೊಲಿಗೆ ಬಿದ್ದವು. ಅರ್ಧ ಅಂಗುಲ ಕೆಳಗೆ ಬಿದ್ದಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. "ಅವಳೇ ಪಿಚ್ಚಿಗೆ ಅಡ್ಡ ಬಂದಳು" ಎಂದು ಹುಡುಗರು; "ಮೈದಾನ ನಿಮ್ಮೊಬ್ಬರದೇ ಏನು?" ಎಂದು ಹುಡುಗಿಯರು. ಹಿರಿಯರಲ್ಲಿ ಕೆಲವರು, "ರಗಳೆಯೇ ಬೇಡ, ಈ ವರ್ಷ ಓಟ ಕೈಬಿಡೋಣ" ಎನ್ನುತ್ತಿದ್ದಾರೆ. ಆ ಹುಡುಗಿ ಅಂದಿನಿಂದ ಸಂಘದ ಯಾವ ಕಾರ್ಯಕ್ರಮಕ್ಕೂ ಬಂದಿಲ್ಲ. ನನಗೆ ನೋವಾದದ್ದು ಅದಕ್ಕೆ.

ನಮ್ಮ ಜಗಳ ಹೊಸದೇನಲ್ಲ. ಇದೇ ಕೇರಳದಲ್ಲಿ, ಇದೇ ಕೊಚ್ಚಿ ಮತ್ತು ತಿರುವನಂತಪುರದ ನಡುವೆ, ಇಂಥದೇ ಒಂದು ದೊಡ್ಡ ಜಗಳ ನಡೆದು ಬಗೆಹರಿದಿದೆ.

ಕಲೂರಿನ ಹುಲ್ಲು

ಕೊಚ್ಚಿಯ ಕಲೂರಿನ ಜವಾಹರಲಾಲ್ ನೆಹರು ಕ್ರೀಡಾಂಗಣ ಗ್ರೇಟರ್ ಕೊಚ್ಚಿ ಅಭಿವೃದ್ಧಿ ಪ್ರಾಧಿಕಾರಕ್ಕೆ ಸೇರಿದ್ದು. ಅಲ್ಲಿ ಕ್ರಿಕೆಟ್ಟೂ ಇತ್ತು, ಫುಟ್‌ಬಾಲೂ ಇತ್ತು. 1998ರ ಏಪ್ರಿಲ್ 1ರಂದು ಸಚಿನ್ ತೆಂಡೂಲ್ಕರ್ ಅಲ್ಲಿ ಆಸ್ಟ್ರೇಲಿಯದ 5 ವಿಕೆಟ್ ಕಿತ್ತರು, ಬ್ಯಾಟಿನಿಂದಲ್ಲ, ಬೌಲಿಂಗಿನಿಂದ! 2005ರಲ್ಲಿ ಪಾಕಿಸ್ತಾನದ ಎದುರೂ ಅದೇ ಅಂಗಳದಲ್ಲಿ ಮತ್ತೆ 5 ವಿಕೆಟ್ ಪಡೆದರು. ಅದೇ ಪಂದ್ಯದಲ್ಲಿ ನಮ್ಮ ರಾಹುಲ್ ದ್ರಾವಿಡ್ ಶತಕ ಬಾರಿಸಿದ್ದರು. 2014ರಿಂದ ಅದು ಕೇರಳ ಬ್ಲಾಸ್ಟರ್ಸ್ ಫುಟ್‌ಬಾಲ್ ತಂಡದ ತವರಾಯಿತು. 2017ರ ಅಕ್ಟೋಬರಿನಲ್ಲಿ ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿಗಾಗಿ ಹೊಸ ಹುಲ್ಲು ಹಾಸಿ, ಬ್ರೆಜಿಲ್ ಮತ್ತು ಸ್ಪೇನ್ ಹುಡುಗರು ಅಲ್ಲಿ ಆಡಿದರು.

ಮರುವರ್ಷ, 2018ರ ಮಾರ್ಚಿನಲ್ಲಿ, ಭಾರತ–ವೆಸ್ಟ್ ಇಂಡೀಸ್ ಏಕದಿನ ಪಂದ್ಯವನ್ನು ಕೊಚ್ಚಿಯಲ್ಲೇ ನಡೆಸಬೇಕೆಂದು ಕೇರಳ ಕ್ರಿಕೆಟ್ ಸಂಸ್ಥೆ ಹೊರಟಿತು. ಫುಟ್‌ಬಾಲ್ ಪ್ರಿಯರು ಸಿಡಿದೆದ್ದರು. ಒಂದು ದಿನದ ಪಂದ್ಯಕ್ಕೆ ಇಷ್ಟು ಗಲಾಟೆ ಏಕೆ ಎಂದು ನೀವು ಕೇಳಬಹುದು. ಕಾರಣ ಮಣ್ಣಿನಲ್ಲಿದೆ. ಫುಟ್‌ಬಾಲಿಗೆ ನೀರು ಬೇಗ ಇಂಗುವ, ಕಾಲಿಗೆ ಮೆತ್ತಗಿರುವ ಹುಲ್ಲುಹಾಸು ಬೇಕು. ಕ್ರಿಕೆಟ್ಟಿಗೆ ಅಂಗಳದ ನಟ್ಟನಡುವೆ 22 ಗಜ ಉದ್ದದ ಜೇಡಿಮಣ್ಣಿನ ಪಟ್ಟಿ ಬೇಕು. ಅದನ್ನು ರೋಲರ್ ಎಳೆದು ಸಿಮೆಂಟಿನಂತೆ ಗಟ್ಟಿ ಮಾಡಬೇಕು. ಒಂದರ ಹೊಟ್ಟೆ ಬಗೆಯದೆ ಇನ್ನೊಂದಿಲ್ಲ. ಅಗೆದ ಹುಲ್ಲು ಮತ್ತೆ ಕೂಡಿಕೊಳ್ಳಲು ವಾರಗಟ್ಟಲೆ ಬೇಕು, ಅಷ್ಟರಲ್ಲಿ ಫುಟ್‌ಬಾಲ್ ಋತು ನಡೆಯುತ್ತಲೇ ಇರುತ್ತದೆ.

ಆಟಗಾರ ಸಿ.ಕೆ. ವಿನೀತ್ ಬಹಿರಂಗವಾಗಿ ವಿರೋಧಿಸಿದರು. ಸಂಸದ ಶಶಿ ತರೂರ್ ದನಿಗೂಡಿಸಿದರು. ಎಲ್ಲರಿಗೂ ಅಚ್ಚರಿಯೆಂದರೆ, ಆ ಅಂಗಳದಲ್ಲಿ ಹತ್ತು ವಿಕೆಟ್ ಪಡೆದ ತೆಂಡೂಲ್ಕರರೇ, ಕ್ರಿಕೆಟ್ ತಿರುವನಂತಪುರದಲ್ಲಿ ಆಗಲಿ, ಫುಟ್‌ಬಾಲ್ ಕೊಚ್ಚಿಯಲ್ಲಿ ಉಳಿಯಲಿ, ಎರಡೂ ಸುಖವಾಗಿರಲಿ ಎಂದರು. ಅವರು ಆಗ ಬ್ಲಾಸ್ಟರ್ಸ್ ತಂಡದ ಪಾಲುದಾರರೂ ಆಗಿದ್ದರು, ಅದನ್ನೂ ಹೇಳಬೇಕು. ಆದರೂ ತನ್ನ ಆಟವೇ ಸರಿದು ದಾರಿ ಬಿಡಲಿ ಎನ್ನಲು ದೊಡ್ಡ ಮನಸ್ಸು ಬೇಕಲ್ಲವೇ?

ಕೊನೆಗೆ ಪಂದ್ಯ ತಿರುವನಂತಪುರದ ಕಾರ್ಯವಟ್ಟಂ ಗ್ರೀನ್‌ಫೀಲ್ಡ್ ಕ್ರೀಡಾಂಗಣಕ್ಕೆ ಹೋಯಿತು. ನಡೆದದ್ದು ಯಾವ ದಿನ ಗೊತ್ತೇ? 2018ರ ನವೆಂಬರ್ 1. ನಮಗೆ ರಾಜ್ಯೋತ್ಸವ, ಮಲಯಾಳಿಗಳಿಗೆ ಕೇರಳಪ್ಪಿರವಿ! ವೆಸ್ಟ್ ಇಂಡೀಸ್ 104ಕ್ಕೆ ಮುಗಿಯಿತು, ಭಾರತ 9 ವಿಕೆಟ್‌ಗಳಿಂದ ಗೆದ್ದಿತು.

ಇದರಲ್ಲಿ ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. 2014ರಿಂದ ಇನ್ನೊಂದು ಏಕದಿನ ಪಂದ್ಯಕ್ಕಾಗಿ ಕಾದಿದ್ದ ಕೊಚ್ಚಿಯ ಕ್ರಿಕೆಟ್ ಪ್ರಿಯರು ಸುಮಾರು 200 ಕಿಲೋಮೀಟರ್ ದೂರ ಹೋಗಬೇಕಾಯಿತು. ಕಾರ್ಯವಟ್ಟಂನಲ್ಲೂ 2016ರ ಜನವರಿಯಲ್ಲಿ ಭಾರತ ಅಫ್ಘಾನಿಸ್ತಾನವನ್ನು ಸೋಲಿಸಿ ಸ್ಯಾಫ್ ಫುಟ್‌ಬಾಲ್ ಕಪ್ ಗೆದ್ದಿತ್ತು. ಅಲ್ಲಿನ ಫುಟ್‌ಬಾಲ್ ಪ್ರಿಯರಿಗೂ ಆ ಅಂಗಳದ ಮೇಲೆ ಆಸೆ ಇದ್ದೇ ಇರುತ್ತದೆ. ಆದರೆ ಎರಡು ಆಟಕ್ಕೂ ಒಂದೊಂದು ನೆಲೆ ಸಿಕ್ಕಿತು.

ಸರಿಯಲು ಜಾಗವಿಲ್ಲದವರು

ಎಲ್ಲ ಕಡೆಯೂ ಹೀಗೆ ಸುಲಭವಾಗುವುದಿಲ್ಲ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣವನ್ನೇ ನೋಡಿ. ಹಿಂದೆ ಸಂಪಂಗಿ ಕೆರೆ ಇದ್ದ ಜಾಗ ಅದು. 1997ರ ರಾಷ್ಟ್ರೀಯ ಕ್ರೀಡಾಕೂಟ ನಡೆದದ್ದು ಅಲ್ಲೇ. ಸುತ್ತ 400 ಮೀಟರ್ ಓಟದ ಪಥ, ನಡುವೆ ಹುಲ್ಲು. ಬೆಂಗಳೂರು ಎಫ್‌ಸಿ ತಂಡ ಅದನ್ನು ತವರು ಮಾಡಿಕೊಂಡ ಮೇಲೆ, ಅಭ್ಯಾಸಕ್ಕೆ ಅಡ್ಡಿಯಾಗುತ್ತಿದೆ, ಭರ್ಜಿ ಮತ್ತು ಹ್ಯಾಮರ್ ಎಸೆಯುವವರಿಗೆ ಜಾಗವೇ ಇಲ್ಲ ಎಂದು ಅಥ್ಲೀಟುಗಳು ದೂರಿದರು. ವಿಷಯ ಹೈಕೋರ್ಟಿನ ಮೆಟ್ಟಿಲು ಹತ್ತಿತು. 7.26 ಕಿಲೋ ತೂಕದ ಹ್ಯಾಮರ್ ಬಿದ್ದರೆ ಹುಲ್ಲು ಗುಂಡಿ ಬೀಳುತ್ತದೆ ಎಂಬುದು ನಿಜ. ಆದರೆ ಓಟದ ಪಥವನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಬೇರೆ ಊರಿಗೆ ಹೋಗಲಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ಅಲ್ಲಿ ಕ್ರಿಕೆಟ್ಟಿಗೆ ಸಿಕ್ಕ ಹಾಗೆ ಒಂದು ಕಾರ್ಯವಟ್ಟಂ ಸುಲಭವಾಗಿ ಸಿಗಲಿಲ್ಲ.

ಅಮೆರಿಕದಲ್ಲಿ ಡಿಸ್ಕ್ ಗಾಲ್ಫ್ ಎಂಬ ಆಟವಿದೆ. ತಟ್ಟೆಯಂಥ ಬಿಲ್ಲೆಯನ್ನು ದೂರದ ಸರಪಳಿ ಬುಟ್ಟಿಗೆ ಎಸೆಯುವುದು. 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಅದರ ಮೊದಲ ಕಾಯಂ ಅಂಗಳವಾಯಿತು. ಅಲ್ಲಿ ಇಂಥ ಅಂಗಳಗಳು ಹೆಚ್ಚಾಗಿ ಸಾರ್ವಜನಿಕ ಉದ್ಯಾನಗಳಲ್ಲೇ ಇರುವುದರಿಂದ ಓಡುವವರೂ ನಡೆಯುವವರೂ ಅದೇ ದಾರಿಯಲ್ಲಿ ಬರುತ್ತಾರೆ. ಅವರ ನಿಯಮ ಸರಳ: ಯಾರಿಗಾದರೂ ಪೆಟ್ಟಾಗುವ ಸಂಭವವಿದ್ದರೆ ಎಸೆಯಬಾರದು, ಕಾಯಬೇಕು. ಎಸೆಯುವವನ ಕೈಯಲ್ಲಿ ಬಿಲ್ಲೆ ಇದೆ. ಓಡುವವನ ಬೆನ್ನಿಗೆ ಕಣ್ಣಿಲ್ಲ. ಆದ್ದರಿಂದ ಕಾಯುವ ಹೊಣೆ ಎಸೆಯುವವನದು. ಕ್ರಿಕೆಟ್ ಹುಡುಗರೇ, ಈ ಮಾತು ನಿಮಗೂ ಅನ್ವಯಿಸುತ್ತದೆ.

ನಮ್ಮ ಮೈದಾನದ ಲೆಕ್ಕ

ಈಗ ನಮ್ಮ ವಿಷಯಕ್ಕೆ ಬರೋಣ. ಅಕ್ಟೋಬರಿನಲ್ಲಿ ತುಲಾವರ್ಷ. ಮಧ್ಯಾಹ್ನ ಕಳೆದರೆ ಗುಡುಗು, ಮಳೆ. ಹಾಗಾಗಿ ಎಲ್ಲರೂ ಬೆಳಗ್ಗೆ ಒಟ್ಟಿಗೇ ನುಗ್ಗುತ್ತೀರಿ. ಜಗಳದ ಮೂಲ ಜಾಗದ ಕೊರತೆಗಿಂತ ಈ ಒಂದೇ ಹೊತ್ತಿನ ನೂಕುನುಗ್ಗಲು. ಓಡುವವರಿಗೆ ಬೇಕಾದದ್ದು ತಂಪು ಹೊತ್ತು. ಆರರಿಂದ ಏಳೂಕಾಲರವರೆಗೆ ಮೈದಾನ ಅವರದಾಗಲಿ. ಆಗ ಹುಲ್ಲಿನ ಮೇಲೆ ಇಬ್ಬನಿ ಇರುತ್ತದೆ, ಟೆನಿಸ್ ಚೆಂಡು ನೆನೆದು ಭಾರವಾಗುತ್ತದೆ. ಹುಡುಗರಿಗೂ ಅದರಿಂದ ಸುಖವಿಲ್ಲ. ಏಳೂಕಾಲರ ಮೇಲೆ ಕ್ರಿಕೆಟ್. ತಡವಾಗಿ ಬಂದ ಓಟಗಾರರು ಸುಣ್ಣದ ಗೆರೆಯ ಆಚೆಗೆ, ಗೋಡೆಯ ಪಕ್ಕದಲ್ಲಿ ಓಡಲಿ. ಅವರು ಬ್ಯಾಟಿನ ನೇರಕ್ಕೆ ಬಂದಾಗ ಬೌಲರ್ ನಿಲ್ಲಲಿ. ಇಷ್ಟಕ್ಕೆ ಹಿರಿಯರ ಸಭೆಯೂ ಬೇಡ, ಠರಾವೂ ಬೇಡ.

ಕಾಲೇಜಿನಲ್ಲಿ ಇಂಗ್ಲಿಷ್ ಓದಿದ ನಾನು ಇತ್ತೀಚೆಗೆ ನಮ್ಮ ಭಾಷೆಯಲ್ಲೇ ಒಂದು ಸೊಗಸನ್ನು ಗಮನಿಸಿದೆ. 'ಪಾಲು' ಎಂದರೆ ಭಾಗ. 'ಪಾಲು ಮಾಡು' ಎಂದರೆ ಒಡೆದು ಹಂಚುವುದು, ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡ ಹಾಗೆ. ಅದೇ ಪಾಲಿಗೆ 'ಕೊಳ್ಳು' ಸೇರಿದರೆ 'ಪಾಲ್ಗೊಳ್ಳು', ಜೊತೆಗೂಡುವುದು. ಮೈದಾನವನ್ನು ಹೊತ್ತಿನ ಲೆಕ್ಕದಲ್ಲಿ ಪಾಲು ಮಾಡಿ. ಆದರೆ ಕ್ರೀಡಾಕೂಟದಲ್ಲಿ ಎಲ್ಲರೂ ಪಾಲ್ಗೊಳ್ಳಿ.

ಓಟ ಕೈಬಿಡೋಣ ಎನ್ನುವ ಹಿರಿಯರಿಗೆ ನನ್ನದೊಂದು ಮಾತು. ಗದ್ದಲ ಕಡಿಮೆ ಮಾಡುವವರನ್ನೇ ಹೊರಗಿಡುವುದು ಸುಲಭ, ಅದು ನ್ಯಾಯವಲ್ಲ. ನಮ್ಮ ಕಾಲದಲ್ಲಿ ಹೆಣ್ಣುಮಕ್ಕಳು ಮೈದಾನದ ಬೇಲಿಯ ಹೊರಗೇ ನಿಂತವರು. ನಮ್ಮ ಮಕ್ಕಳೂ ಅಲ್ಲೇ ನಿಲ್ಲುವುದು ಬೇಡ.

ಯುವ ಮಿತ್ರರೇ, ಈ ವಾರವೇ ನಿಮ್ಮಲ್ಲಿ ನಾಲ್ವರು, ಇಬ್ಬರು ಹುಡುಗರು ಮತ್ತು ಇಬ್ಬರು ಹುಡುಗಿಯರು, ಆ ಹುಡುಗಿಯ ಮನೆಗೆ ಹೋಗಿ ಬನ್ನಿ. ಚೆಂಡು ಹೊಡೆದವನು ಮೊದಲು ಒಳಗೆ ಹೋಗಲಿ. "ಭಾನುವಾರ ಆರು ಗಂಟೆಗೆ ಮೈದಾನ ನಿಮ್ಮದು, ಬಾ" ಎನ್ನಲಿ. ಅಂದು ಬೆಳಗ್ಗೆ ಎರಡೂ ಗುಂಪಿಗೆ ಒಂದೇ ಪಾತ್ರೆಯಲ್ಲಿ ಚಿತ್ರಾನ್ನ ತರುವ ಜವಾಬ್ದಾರಿ ನನ್ನದು. ಅದನ್ನು ಹಂಚಿಕೊಳ್ಳಲು ವೇಳಾಪಟ್ಟಿ ಬೇಕಾಗದು ಎಂದು ನಂಬಿದ್ದೇನೆ.