ಪಳಗಿದ ಕೈಗೂ ಪಾಠ ಬೇಕು

ನಮ್ಮ ಭಾಷೆಯಲ್ಲಿ ಕೈಯ ಕೆಲಸಕ್ಕೆ ಇರುವ ಮಾತುಗಳನ್ನು ಒಮ್ಮೆ ಎಣಿಸಿ ನೋಡಬೇಕು. ಅಳುವ ಮಗುವಿನ ಬೆನ್ನನ್ನು ನೀವುತ್ತೇವೆ, ಹಿರಿಯರ ಕಾಲನ್ನು ಒತ್ತುತ್ತೇವೆ, ನೆತ್ತಿಗೆ ಎಣ್ಣೆ ತಟ್ಟುತ್ತೇವೆ, ಮೈಯನ್ನು ಉಜ್ಜುತ್ತೇವೆ, ತಿಕ್ಕುತ್ತೇವೆ, ಉಳುಕಿದ ಜಾಗವನ್ನು ತೀಡುತ್ತೇವೆ, ಹಿಟ್ಟನ್ನು ನಾದುತ್ತೇವೆ. ಇವು ಒಂದೇ ಅರ್ಥದ ಹಲವು ಪದಗಳಲ್ಲ. ಒಂದೊಂದು ಕ್ರಿಯೆಗೂ ಒಂದೊಂದು ತೂಕ, ಒಂದೊಂದು ವೇಗ ಉಂಟು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆಮ್‌ಸ್ಟರ್‌ಡಾಮಿನ ವೈದ್ಯ ಯೋಹಾನ್ ಮೆಟ್ಸ್‌ಗರ್ ಅಂಗಮರ್ದನವನ್ನು ವೈದ್ಯರ ಮನ್ನಣೆಗೆ ತಂದ. ಅವನ ಹೆಸರಿನೊಡನೆ ಬಳಕೆಗೆ ಬಂದ ಎಫ್ಲರಾಜ್, ಪೆಟ್ರಿಸಾಜ್, ಫ್ರಿಕ್ಷನ್, ಟಪೋಟ್‌ಮಾಂ ಎಂಬ ಹೆಸರುಗಳನ್ನು ಇಂದಿಗೂ ಜಗತ್ತಿನ ಅಂಗಮರ್ದನ ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಕನ್ನಡದ ಮನೆಮಾತಿನಲ್ಲಿ ಹೇಳುವುದಾದರೆ ಅವು ನೀವುವುದು, ನಾದುವುದು, ಉಜ್ಜುವುದು, ತಟ್ಟುವುದು; ಅಷ್ಟೆ.

ಮಾತು ಮನೆಯಲ್ಲೇ ಇದೆ, ಕೆಲಸವೂ ಮನೆಯಲ್ಲೇ ಇದೆ. ಹಾಗಿರುವಾಗ ಇದಕ್ಕೆ ಶಾಲೆ ಏಕೆ? ಶಾಲೆ ಮುಗಿಸಿ ಹತ್ತಾರು ವರ್ಷ ಕೈ ಪಳಗಿಸಿಕೊಂಡವರಿಗೆ ಮತ್ತೆ ಪುನಶ್ಚೇತನ ಶಿಬಿರ ಏಕೆ? ಈ ಪ್ರಶ್ನೆಯನ್ನೇ ಇಲ್ಲಿ ವಿಚಾರ ಮಾಡಬೇಕೆಂದಿದ್ದೇನೆ. ಕನ್ನಡ ಪಾಠ ಹೇಳಿ ನಿವೃತ್ತನಾದ ನನಗೂ ಈ ವಿಷಯಕ್ಕೂ ಏನು ಸಂಬಂಧವೆಂದು ಕೇಳಬಹುದು. ಕೆಲವು ವರ್ಷಗಳ ಹಿಂದೆ ನನ್ನ ಬಲಭುಜ ಬಿಗಿದುಕೊಂಡು ತೋಳನ್ನು ಮೇಲೆತ್ತಲಾಗದೆ ಹೋದಾಗ ಹುಟ್ಟಿದ ಸಂಬಂಧ ಅದು. ಅದರ ಮಾತು ಮುಂದೆ ಬರುತ್ತದೆ. ಮೊದಲು ಚರಿತ್ರೆ.

1894ನೆಯ ಇಸವಿಯಲ್ಲಿ ಇಂಗ್ಲೆಂಡಿನ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆ ಅಂಗಮರ್ದನದ ಹೆಸರಿನಲ್ಲಿ ಲಂಡನ್ನಿನಲ್ಲಿ ನಡೆಯುತ್ತಿದ್ದ ಅನಾಚಾರಗಳ ವಿಷಯ ಬರೆಯಿತು. ಅಂಗಮರ್ದನವೆಂಬ ಫಲಕದ ಹಿಂದೆ ನಡೆಯುತ್ತಿದ್ದುದು ಬೇರೆಯೇ ವ್ಯಾಪಾರ. ಇದರ ಪೆಟ್ಟು ಬಿದ್ದದ್ದು ಆಸ್ಪತ್ರೆಗಳಲ್ಲಿ ನಿಜವಾಗಿ ಈ ಕೆಲಸ ಮಾಡುತ್ತಿದ್ದ ದಾದಿಯರ ಮೇಲೆ. ನೊಂದವರ ಮೈಮುಟ್ಟಿ ದುಡಿಯುವ ಹೆಂಗಸಿಗೆ ಆ ಒಂದು ಪದದಿಂದಲೇ ಮಾನ ಹೋಗುವ ಕಾಲ ಬಂದಿತ್ತು. ಅದೇ ವರ್ಷ ಲೂಸಿ ರಾಬಿನ್‌ಸನ್, ರೋಸಲಿಂಡ್ ಪ್ಯಾಜೆಟ್, ಎಲಿಜಬೆತ್ ಮ್ಯಾನ್ಲಿ, ಮಾರ್ಗರೆಟ್ ಪಾಮರ್ ಎಂಬ ನಾಲ್ವರು ಸೇರಿ ‘ತರಬೇತಿ ಪಡೆದ ಅಂಗಮರ್ದಕಿಯರ ಸಂಘ’ವೊಂದನ್ನು ಕಟ್ಟಿದರು.

ಅವರು ಕಂಡುಕೊಂಡ ಉಪಾಯ ಗಮನಿಸತಕ್ಕದ್ದು. ಪತ್ರಿಕೆಯ ಮೇಲೆ ಹರಿಹಾಯುತ್ತ ಕೂಡಲಿಲ್ಲ. ತಮಗೆ ತಾವೇ ಕಟ್ಟು ಹಾಕಿಕೊಂಡರು. ವೈದ್ಯರ ಸೂಚನೆಯಿಲ್ಲದೆ ಯಾರಿಗೂ ಮರ್ದನ ಮಾಡಕೂಡದು. ವೈದ್ಯರು ವಿಶೇಷವಾಗಿ ಹೇಳಿದಲ್ಲದೆ ಗಂಡಸರಿಗೆ ಮಾಡಕೂಡದು. ಸಾಮಾನ್ಯ ಪತ್ರಿಕೆಗಳಲ್ಲಿ ಜಾಹೀರಾತು ಕೊಡಕೂಡದು. ರೋಗಿಗೆ ಔಷಧಿ ಮಾರಕೂಡದು. ಇದರ ಜೊತೆಗೆ ಪರೀಕ್ಷೆಯನ್ನು ಇಟ್ಟರು. 1900ರಲ್ಲಿ ಸಂಘ ನೋಂದಣಿಯಾಯಿತು. ಮೊದಲನೆಯ ಮಹಾಯುದ್ಧದ ಗಾಯಾಳುಗಳ ಆರೈಕೆಯಲ್ಲಿ ಈ ಹೆಂಗಸರ ಕೈಯ ಬೆಲೆ ನಾಡಿಗೇ ತಿಳಿಯಿತು. 1920ರಲ್ಲಿ ರಾಜಸನ್ನದು ದೊರೆಯಿತು. 1944ರಲ್ಲಿ ಅದು ‘ಚಾರ್ಟರ್ಡ್ ಸೊಸೈಟಿ ಆಫ್ ಫಿಸಿಯೋಥೆರಪಿ’ ಎಂಬ ಹೆಸರು ಪಡೆಯಿತು. ನಾವಿಂದು ಫಿಸಿಯೋಥೆರಪಿ ಎಂದು ಕರೆಯುವ ದೊಡ್ಡ ವೃತ್ತಿಯ ಒಂದು ಮುಖ್ಯ ಬೇರು ಮಾನ ಉಳಿಸಿಕೊಳ್ಳಲು ಹೊರಟ ನಾಲ್ವರು ಹೆಂಗಸರ ಸಂಕಲ್ಪದಲ್ಲಿದೆ.

ಈ ಕಥೆಗೆ ಒಂದು ವಿಚಿತ್ರ ಕೊನೆಯೂ ಉಂಟು. ಬ್ರಿಟನ್ನಿನಲ್ಲಿ ಇಂದು ‘ಫಿಸಿಯೋಥೆರಪಿಸ್ಟ್’ ಎಂಬ ಹೆಸರಿಗೆ ಕಾನೂನಿನ ರಕ್ಷಣೆಯಿದೆ. ನೋಂದಣಿಯಿಲ್ಲದವರು ಅದನ್ನು ಬಳಸುವಂತಿಲ್ಲ. ಆದರೆ ‘ಅಂಗಮರ್ದಕ’ ಎಂಬ ಹೆಸರಿಗೆ ಅಂಥ ರಕ್ಷಣೆಯಿಲ್ಲ. ಮನೆಯನ್ನು ಕಟ್ಟಿದ ವಿದ್ಯೆ ಹೊರಜಗಲಿಯಲ್ಲೇ ಉಳಿಯಿತು. ಅಂಥವರಿಗೆ ಮಾನವನ್ನು ತರತಕ್ಕದ್ದು ಅವರ ನಿರಂತರವಾದ ಕಲಿಕೆಯೊಂದೇ.

ಒಮ್ಮೆ ತೇರ್ಗಡೆಯಾದರೆ ಸಾಲದು ಎಂಬ ಭಾವನೆ ಈಗ ಹಲವು ದೇಶಗಳಲ್ಲಿ ನಿಯಮವೇ ಆಗಿದೆ. ಬ್ರಿಟನ್ನಿನ ಫಿಸಿಯೋಥೆರಪಿಸ್ಟರು ಎರಡು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಈ ನಡುವೆ ಕಲಿತದ್ದರ ದಾಖಲೆಯನ್ನು ಕೇಳಿದಾಗ ತೋರಿಸಬೇಕು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಂಗಮರ್ದಕರು 2012ರಿಂದ ಮೂರು ವರ್ಷಕ್ಕೆ 36 ಗಂಟೆಗಳ ಕಲಿಕೆಯನ್ನು ಪೂರೈಸಬೇಕಾಗಿದೆ. ನಮ್ಮ ಅಧ್ಯಾಪಕವೃತ್ತಿಯಲ್ಲೂ ಇಂಥದೊಂದು ಏರ್ಪಾಡು ಉಂಟಷ್ಟೆ. ಪುನಶ್ಚೇತನ ಶಿಬಿರಕ್ಕೆ ಹೊರಡುವಾಗ ಗೊಣಗದ ಅಧ್ಯಾಪಕರನ್ನು ನಾನು ಕಾಣೆ. ಆದರೂ ಅಲ್ಲಿಂದ ಒಂದಾದರೂ ಹೊಸ ಮಾತನ್ನು ತರಗತಿಗೆ ತಾರದವರು ಕಡಮೆ.

ಅಂಗಮರ್ದಕರ ಶಿಬಿರದಲ್ಲಿ ಕಲಿಸುವುದಾದರೂ ಏನು? ಹೊಸ ಹೊಸ ಹಿಡಿತಗಳು, ಒತ್ತುವ ವರಸೆಗಳು ಎಂದು ಹೊರಗಿನವರು ತಿಳಿಯುತ್ತಾರೆ. ಅವೂ ಉಂಟು. ಆದರೆ ಮುಖ್ಯವಾದವು ಬೇರೆ ನಾಲ್ಕು.

ಮೊದಲನೆಯದು, ತಿಳಿವಳಿಕೆ ಬದಲಾಗುತ್ತದೆ ಎಂಬುದು. ದಣಿದ ಸ್ನಾಯುವಿನಲ್ಲಿ ಕೂಡಿದ ಲ್ಯಾಕ್ಟಿಕ್ ಆಮ್ಲವನ್ನು ಮರ್ದನ ತಳ್ಳಿಹಾಕುತ್ತದೆ ಎಂದು ಬಹುಕಾಲ ಪಾಠ ಹೇಳುತ್ತಿದ್ದರು. 2010ರಲ್ಲಿ ಪ್ರಕಟವಾದ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ವ್ಯಾಯಾಮ ಮಾಡಿದ ಮುಂದೋಳನ್ನು ಮರ್ದಿಸಿ ಅಳೆದು ನೋಡಿದರು. ಒತ್ತಿದಾಗ ರಕ್ತದ ಹರಿವು ಕುಗ್ಗಿ, ಆಮ್ಲ ಹೊರಹೋಗುವುದು ನಿಧಾನವೇ ಆಯಿತು. ಮರ್ದನದಿಂದ ಸುಖವಿಲ್ಲ ಎಂದು ಇದರ ಅರ್ಥವಲ್ಲ. ಆ ಸುಖಕ್ಕೆ ಕೊಡುತ್ತಿದ್ದ ಕಾರಣ ಸರಿಯಲ್ಲ ಎಂದಷ್ಟೆ. ಇದಕ್ಕೆ ಪ್ರತಿಯಾಗಿ, ಅರ್ಬುದರೋಗಿಗಳನ್ನು ಮುಟ್ಟಲೇಬಾರದು, ಮುಟ್ಟಿದರೆ ರೋಗ ಹರಡುತ್ತದೆ ಎಂಬ ಹಳೆಯ ನಿಷೇಧ ಈಗ ಸಡಿಲಗೊಂಡಿದೆ. ಗಡ್ಡೆಯ ಮೇಲೂ ವಿಕಿರಣ ಚಿಕಿತ್ಸೆಯಾದ ಚರ್ಮದ ಮೇಲೂ ಒತ್ತದೆ, ವೈದ್ಯರ ಒಪ್ಪಿಗೆ ಪಡೆದು, ಹಗುರವಾಗಿ ನೀವಿ ಅವರಿಗೆ ನೆಮ್ಮದಿ ಕೊಡುವ ಬಗೆಯನ್ನು ವಿಶೇಷ ಶಿಬಿರಗಳಲ್ಲಿ ಕಲಿಸುತ್ತಾರೆ. ಇಪ್ಪತ್ತು ವರ್ಷದ ಹಿಂದಿನ ಪಾಠವನ್ನೇ ನಂಬಿ ಕುಳಿತವರು ಒಬ್ಬರಿಗೆ ಇಲ್ಲದ ಗುಣವನ್ನು ಹೇಳುತ್ತಾರೆ, ಇನ್ನೊಬ್ಬರಿಗೆ ಸಲ್ಲಬೇಕಾದ ಆರೈಕೆಯನ್ನು ನಿರಾಕರಿಸುತ್ತಾರೆ.

ಎರಡನೆಯದು, ಯಾರನ್ನು ಮುಟ್ಟಬಾರದು, ಎಲ್ಲಿ ಮುಟ್ಟಬಾರದು ಎಂಬ ವಿವೇಕ. ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದೆ ಎನ್ನೋಣ. ಅದು ನಡೆದು ಬಂದ ನೋವಾಗಿರಬಹುದು. ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವೂ ಆಗಿರಬಹುದು. ಎರಡನೆಯದಾದಾಗ ಕಾಲನ್ನು ಒತ್ತಿದರೆ ಆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೇ ಎರವಾಗಬಹುದು. ಅಂಥಲ್ಲಿ ಒಳ್ಳೆಯ ಅಂಗಮರ್ದಕನ ಕೆಲಸ ಕೈ ಹಿಂದಕ್ಕೆ ತೆಗೆದು ವೈದ್ಯರಲ್ಲಿಗೆ ಕಳಿಸುವುದು. ಈ ವಿವೇಕ ಪಶ್ಚಿಮದವರ ಸೊತ್ತೇನಲ್ಲ. ‘ಅಷ್ಟಾಂಗಹೃದಯ’ದಲ್ಲಿ ವಾಗ್ಭಟ ದಿನವೂ ಅಭ್ಯಂಗ ಮಾಡಬೇಕೆಂದು ಹೇಳಿ, ಕಫದಿಂದ ನರಳುವವರಿಗೆ, ಶೋಧನ ಚಿಕಿತ್ಸೆಯಾದವರಿಗೆ, ಅಜೀರ್ಣವಾದವರಿಗೆ ಅದು ಕೂಡದೆಂದು ಜೊತೆಯಲ್ಲಿಯೇ ಹೇಳಿದ್ದಾನೆ. ವಿಧಿಯ ಪಕ್ಕದಲ್ಲೇ ನಿಷೇಧವನ್ನು ಇಡುವುದು ಶಾಸ್ತ್ರದ ಲಕ್ಷಣ.

ನನ್ನ ಭುಜದ ಮಾತು ಇಲ್ಲಿ ಬರುತ್ತದೆ. ನನಗೆ ಚಿಕಿತ್ಸೆ ಮಾಡಿದಾಕೆ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಮುಟ್ಟುವ ಮೊದಲು ಸಕ್ಕರೆ ಕಾಯಿಲೆ ಉಂಟೇ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಾ, ಇತ್ತೀಚೆಗೆ ಎಲ್ಲಾದರೂ ಬಿದ್ದಿರಾ ಎಂದೆಲ್ಲ ಕೇಳಿ ಬರೆದುಕೊಂಡಳು. ಭುಜಕ್ಕೂ ಸಕ್ಕರೆಗೂ ಏನಮ್ಮ ನಂಟು ಎಂದೆ. “ಸಕ್ಕರೆ ಕಾಯಿಲೆಯವರಿಗೆ ಭುಜ ಹೀಗೆ ಹಿಡಿದುಕೊಳ್ಳೋದು ಜಾಸ್ತಿ, ಮೇಷ್ಟ್ರೇ. ಮೊದಲು ನಾನೂ ಇಷ್ಟೆಲ್ಲ ಕೇಳ್ತಿರಲಿಲ್ಲ. ಹೋದ ವರ್ಷ ಮೂರು ದಿನದ ಶಿಬಿರಕ್ಕೆ ಹೋಗಿ ಬಂದೆ. ಅವತ್ತಿನಿಂದ ಕೈಗಿಂತ ಮುಂಚೆ ಕಿವಿ ಕೆಲಸ ಮಾಡ್ತದೆ” ಎಂದಳು. ಶಿಬಿರದ ಪ್ರಯೋಜನವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಮೂರನೆಯದು, ದುಡಿಯುವ ಕೈಯ ರಕ್ಷಣೆ. ದಿನಕ್ಕೆ ಐದಾರು ಜನರ ಬೆನ್ನನ್ನು ಹೆಬ್ಬೆರಳಿನಿಂದಲೇ ಒತ್ತುವವರ ಹೆಬ್ಬೆರಳ ಬುಡದ ಕೀಲು ಬೇಗ ಸವೆಯುತ್ತದೆ. ಮಣಿಕಟ್ಟು, ಸೊಂಟಗಳೂ ನೋಯಲಾರಂಭಿಸುತ್ತವೆ. ನೋವು ಕಳೆಯುವವರು ನೋವನ್ನೇ ಹೊತ್ತು ವೃತ್ತಿ ಬಿಡುವುದುಂಟು. ಆದ್ದರಿಂದ ತೋಳಬಲವನ್ನು ನಂಬದೆ ಮೈಭಾರವನ್ನು ಇಳಿಬಿಡಬೇಕು. ಹೆಬ್ಬೆರಳಿಗೆ ಬದಲು ಮುಂದೋಳು, ಮೊಣಕೈಗಳನ್ನು ಬಳಸಬೇಕು. ಒಂದು ಕಾಲನ್ನು ಮುಂದಿಟ್ಟು ನಿಲ್ಲಬೇಕು. ಇಳಿಬಿಟ್ಟ ಕೈಯ ಗೆಣ್ಣಿನ ಮಟ್ಟಕ್ಕೆ ಮೇಜಿನ ಎತ್ತರ ಇರಬೇಕು. ಇವು ಪುಸ್ತಕದಿಂದ ಬರುವುದಿಲ್ಲ. ಶಿಬಿರದಲ್ಲಿ ಇಬ್ಬಿಬ್ಬರು ಜೊತೆಯಾಗಿ ಒಬ್ಬರು ಮಲಗಿ ಒಬ್ಬರು ಮರ್ದಿಸುತ್ತಾರೆ, ಆಮೇಲೆ ಅದಲುಬದಲಾಗುತ್ತಾರೆ. ಬೋಧಕರು ಸುತ್ತ ನಡೆಯುತ್ತ ಒಬ್ಬರ ಭುಜವನ್ನು ಇಳಿಸುತ್ತಾರೆ, ಇನ್ನೊಬ್ಬರ ಮಣಿಕಟ್ಟನ್ನು ನೇರ ಮಾಡುತ್ತಾರೆ. ವರ್ಷಗಟ್ಟಲೆ ಇತರರ ಮೈಮುಟ್ಟಿದವರು ಆ ಮೇಜಿನ ಮೇಲೆ ಮಲಗಿದಾಗಲೇ ತಮ್ಮಂಥವರ ಕೈ ಎಷ್ಟು ಭಾರವೆಂಬುದನ್ನು ಅರಿಯುತ್ತಾರೆ.

ನಾಲ್ಕನೆಯದು ಮರ್ಯಾದೆ. ಮರ್ಯಾದೆ ಎಂದರೆ ಗೌರವ ಹೌದು, ಮೂಲದಲ್ಲಿ ಎಲ್ಲೆ ಎಂಬ ಅರ್ಥವೂ ಅದಕ್ಕುಂಟು. ಈ ವೃತ್ತಿಯಲ್ಲಿ ಎರಡೂ ಒಂದೇ. ಏನು ಮಾಡಲಿದ್ದೇನೆಂದು ಮೊದಲೇ ಹೇಳುವುದು, ಒಪ್ಪಿಗೆ ಕೇಳುವುದು, ಮರ್ದಿಸುವ ಭಾಗವೊಂದನ್ನುಳಿದು ಮಿಕ್ಕ ಮೈಯನ್ನು ಬಟ್ಟೆಯಿಂದ ಹೊದಿಸಿಡುವುದು, ‘ಸಾಕು’ ಎಂದೊಡನೆ ನಿಲ್ಲಿಸುವುದು, ಕೇಳಿದ್ದನ್ನು ಹೊರಗೆ ಆಡದಿರುವುದು. ಎಲ್ಲೆ ಮೀರಿ ನಡೆಯುವ ಗಿರಾಕಿಯನ್ನು ಹೇಗೆ ತಡೆಯಬೇಕೆಂಬುದೂ ಪಾಠದ ಭಾಗವೇ. ಅಪಾಯ ಎರಡು ಕಡೆಗೂ ಉಂಟು. 1894ರ ಆ ನಾಲ್ವರು ಹಾಕಿಕೊಂಡ ಕಟ್ಟಿನ ಇಂದಿನ ರೂಪ ಇದು.

ಶಿಬಿರಗಳೆಲ್ಲ ಒಳ್ಳೆಯವೆಂದು ನಾನು ಹೇಳಲಾರೆ. ಎರಡು ದಿನ ಕೂರಿಸಿ ಸರ್ವರೋಗಕ್ಕೂ ಸಲ್ಲುವ ವಿದ್ಯೆ ಕೊಟ್ಟೆವೆನ್ನುವವರು ಎಲ್ಲ ದೇಶಗಳಲ್ಲೂ ಉಂಟು. ಗಂಟೆಗಳನ್ನು ಎಣಿಸುವ ನಿಯಮಕ್ಕೆ ಈ ದೌರ್ಬಲ್ಯ ಇದ್ದದ್ದೇ: ಕುಳಿತ ಗಂಟೆ ಲೆಕ್ಕಕ್ಕೆ ಸಿಗುತ್ತದೆ, ಕಲಿತ ಗಂಟೆ ಸಿಗುವುದಿಲ್ಲ. ಒಳ್ಳೆಯ ಶಿಬಿರದ ಗುರುತು ಇಷ್ಟೆ: ಏನು ಸಾಧ್ಯ ಎನ್ನುವುದರೊಡನೆ ಏನು ಸಾಧ್ಯವಿಲ್ಲ ಎನ್ನುವುದನ್ನೂ ಅಲ್ಲಿ ಹೇಳುತ್ತಾರೆ, ಕಲಿಯುವವರ ಕೈಯನ್ನು ಹಿಡಿದು ನೋಡಿ ತಿದ್ದುತ್ತಾರೆ.

ಇನ್ನು ನಮ್ಮ ನಾಡಿನ ಮಾತು. ಬಾಣಂತಿಗೂ ಕೂಸಿಗೂ ಎಣ್ಣೆಯೊತ್ತಿ ನೀರೆರೆಯುವ ಅಜ್ಜಿ, ಗರಡಿಮನೆಯ ಉಸ್ತಾದ್, ಪಂಚಕರ್ಮದ ಸಹಾಯಕ, ಕ್ಷೌರದ ಅಂಗಡಿಯಲ್ಲಿ ತಲೆ ತಟ್ಟುವವನು: ಇವರೆಲ್ಲರೂ ಈ ವಿದ್ಯೆಯವರೇ. ಅಜ್ಜಿಯ ಕೈಯ ಹದವನ್ನು ಯಾವ ಕಾಲೇಜೂ ಕೊಡಲಾರದು. ಅವಧಿಗೆ ಮುನ್ನ ಹುಟ್ಟಿದ ಕೂಸುಗಳ ಮೈತೂಕ ಏರಲು ಹಗುರವಾದ ಮರ್ದನ ನೆರವಾಗುತ್ತದೆಂದು ವೈದ್ಯಲೋಕವೂ ಕಂಡುಕೊಂಡಿದೆ. ಆದರೆ ಅದೇ ಅಜ್ಜಿ ಮೂಗು ಕಟ್ಟಿದೆಯೆಂದು ಕೂಸಿನ ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕಿಳಿದು ನ್ಯುಮೋನಿಯ ಆಗಬಹುದು. ಕ್ಷೌರಿಕ ಪ್ರೀತಿಯಿಂದಲೇ ಕುತ್ತಿಗೆಯನ್ನು ಥಟ್ಟನೆ ತಿರುಗಿಸಿ ನೆಟಿಕೆ ತೆಗೆದಾಗ, ಮಿದುಳಿಗೆ ರಕ್ತ ಒಯ್ಯುವ ನಾಳ ಒಳಗೇ ಹರಿದು ಪಾರ್ಶ್ವವಾಯುವಿಗೆ ದಾರಿಯಾಗಬಹುದು. ಇಬ್ಬರೂ ಕೇಡು ಬಯಸಿದವರಲ್ಲ. ಇದನ್ನು ಅವರಿಗೆ ಕೂರಿಸಿ ಹೇಳಿದವರಿಲ್ಲ, ಅಷ್ಟೆ.

ಪ್ರಾಥಮಿಕ ಆರೋಗ್ಯ ಕೇಂದ್ರದ ಅಂಗಳದಲ್ಲಿ ವರ್ಷಕ್ಕೊಂದು ದಿನ ಇಂಥ ಅಜ್ಜಿಯರನ್ನೂ ಕ್ಷೌರಿಕರನ್ನೂ ಕರೆಸಿ, ಗೌರವದಿಂದ ಕೂರಿಸಿ, ಅವರ ಕೈಯಿಂದ ಕಲಿಯುವುದನ್ನು ಕಲಿತು, ಅವರಿಗೆ ಹೇಳಬೇಕಾದದ್ದನ್ನು ಹೇಳಿ ಕಳಿಸುವುದು ಅಸಾಧ್ಯವಾದ ಕೆಲಸವಲ್ಲ. ಅದಕ್ಕೆ ದೊಡ್ಡ ಯಂತ್ರ ಬೇಡ. ಒಂದು ಚಾಪೆ, ಒಬ್ಬ ತಿಳಿದ ಬೋಧಕ, ಮಧ್ಯಾಹ್ನದ ಊಟ ಇದ್ದರೆ ಸಾಕು.

ಶ್ರೋತೃಗಳೂ ಒಂದು ಕೆಲಸ ಮಾಡಬಹುದು. ಮೈಯನ್ನು ಒಬ್ಬರ ಕೈಗೆ ಒಪ್ಪಿಸುವ ಮೊದಲು, ಇತ್ತೀಚೆಗೆ ಹೊಸದಾಗಿ ಏನು ಕಲಿತಿರಿ ಎಂದು ವಿನಯದಿಂದ ಕೇಳಿ ನೋಡಿ. ನಿಜವಾಗಿ ಕಲಿಯುತ್ತಿರುವವರು ಆ ಪ್ರಶ್ನೆಗೆ ಮುನಿಯುವುದಿಲ್ಲ; ಸಂತೋಷದಿಂದ ಹೇಳತೊಡಗುತ್ತಾರೆ.

(ಬಾನುಲಿ ಭಾಷಣ)