ಹಾಲಿನ ಬಣ್ಣದ ಇಂಜೆಕ್ಷನ್ ಮತ್ತು ಮೂರು ಕೆಪಾಸಿಟರ್

ಎಂಡೋಸ್ಕೋಪಿ ಮಾಡಿಸಿಕೊಂಡವರನ್ನು ಕೇಳಿ ನೋಡಿ. "ಹಾಲಿನ ಥರ ಬೆಳ್ಳಗಿರೋ ಇಂಜೆಕ್ಷನ್ ಕೊಟ್ರು, ಕಣ್ಣು ಬಿಟ್ಟಾಗ ಎಲ್ಲಾ ಮುಗಿದಿತ್ತು" ಅಂತ ಹೇಳುವವರು ಸಿಗ್ತಾರೆ. ಅದು ಪ್ರೊಪೊಫಾಲ್. ನೀರಿನಲ್ಲಿ ಕರಗದ ಎಣ್ಣೆಯಂಥ ವಸ್ತು, ಅದಕ್ಕೇ ಸೋಯಾ ಎಣ್ಣೆ, ಮೊಟ್ಟೆಯ ಲೆಸಿಥಿನ್ ಸೇರಿಸಿ ಎಮಲ್ಷನ್ ಮಾಡಿರುತ್ತಾರೆ. ಬಿಳಿ ಬಣ್ಣ ಬರೋದು ಅದರಿಂದ. ಇದನ್ನು ಬೆಳಕಿಗೆ ತಂದ ಜಾನ್ ಗ್ಲೆನ್ ಓದಿದ್ದು ಪಶುವೈದ್ಯಕೀಯ. 2018ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು.

ರಕ್ತನಾಳಕ್ಕೆ ಕೊಟ್ಟರೆ ಒಂದು ನಿಮಿಷದೊಳಗೆ ಪ್ರಜ್ಞೆ ಹೋಗುತ್ತೆ. ಒಂದೇ ಡೋಸ್ ಆದರೆ ಸುಮಾರು 5ರಿಂದ 10 ನಿಮಿಷದಲ್ಲಿ ಎಚ್ಚರ. ಅಷ್ಟರಲ್ಲಿ ಲಿವರ್ ಔಷಧಿಯನ್ನೆಲ್ಲ ಒಡೆದು ಹಾಕಿತಾ? ಇಲ್ಲ. ಔಷಧಿಯ ಬಹುಪಾಲು ಇನ್ನೂ ಮೈಯಲ್ಲೇ ಇದೆ, ಜಾಗ ಬದಲಿಸಿದೆ ಅಷ್ಟೇ.

ಮೂರು ಕೆಪಾಸಿಟರ್ ಕಲ್ಪಿಸಿಕೊಳ್ಳಿ. ಚಿಕ್ಕದು ರಕ್ತ, ಮಧ್ಯಮದ್ದು ಸ್ನಾಯು, ತುಂಬಾ ದೊಡ್ಡದು ಕೊಬ್ಬು. ಇವುಗಳ ನಡುವೆ ರೆಸಿಸ್ಟರ್‌ಗಳು. ಲಿವರ್ ಅಂದ್ರೆ ಚಿಕ್ಕದರಿಂದ ಗ್ರೌಂಡ್‌ಗೆ ಹೋಗುವ ದಾರಿ. ಇಂಜೆಕ್ಷನ್ ಕೊಟ್ಟಾಗ ಚಿಕ್ಕದು ತಟ್ಟನೆ ಚಾರ್ಜ್ ಆಗುತ್ತೆ, ಮೆದುಳು ಅದರ ವೋಲ್ಟೇಜನ್ನು ಹಿಂಬಾಲಿಸುತ್ತೆ. ಆಮೇಲೆ ಚಾರ್ಜ್ ಉಳಿದೆರಡಕ್ಕೆ ಹರಿದು ವೋಲ್ಟೇಜ್ ಇಳಿಯುತ್ತೆ, ರೋಗಿ ಏಳುತ್ತಾನೆ.

ಹಳೆಯ ಥಯೋಪೆಂಟಾಲ್ ಕೂಡ ಒಂದು ಡೋಸ್‌ಗೆ ಹೀಗೇ ಬೇಗ ಇಳಿಯುತ್ತಿತ್ತು. ಆದರೆ ಗಂಟೆಗಟ್ಟಲೆ ಹರಿಸಿದರೆ ದೊಡ್ಡ ಕೆಪಾಸಿಟರ್‌ಗಳೂ ತುಂಬಿ, ನಿಲ್ಲಿಸಿದ ಮೇಲೆ ಚಾರ್ಜ್ ವಾಪಸ್ ರಕ್ತಕ್ಕೇ ಬರುತ್ತಿತ್ತು. ಲಿವರ್ ಅದನ್ನು ಒಡೆಯೋದೂ ನಿಧಾನ. ಹಾಗಾಗಿ ಬರೀ ಹಾಫ್-ಲೈಫ್ ನೋಡಿದರೆ ರೋಗಿ ಯಾವಾಗ ಏಳುತ್ತಾನೆ ಅಂತ ತಿಳಿಯಲ್ಲ. 1992ರಲ್ಲಿ ಹ್ಯೂಸ್ ಮತ್ತು ಸಂಗಡಿಗರು ಬೇರೆ ಪ್ರಶ್ನೆ ಕೇಳಿದರು: ಇಷ್ಟು ಹೊತ್ತು ಹರಿಸಿ ನಿಲ್ಲಿಸಿದರೆ ರಕ್ತದ ಪ್ರಮಾಣ ಅರ್ಧಕ್ಕೆ ಇಳಿಯಲು ಎಷ್ಟು ಸಮಯ? 8 ಗಂಟೆ ಹರಿಸಿದರೂ ಪ್ರೊಪೊಫಾಲ್‌ಗೆ 40 ನಿಮಿಷದೊಳಗೆ ಅಂತ ಅವರ ಲೆಕ್ಕ ಹೇಳಿತು. ಲಿವರ್ ಇದನ್ನು ಬೇಗ ಒಡೆಯುತ್ತೆ, ಕೊಬ್ಬಿನಿಂದ ವಾಪಸ್ ಬರೋದು ನಿಧಾನ.

ಬೇಗ ಇಳಿಯುತ್ತೆ ಅಂದ ಮಾತ್ರಕ್ಕೆ ಸೇಫ್ ಅಲ್ಲ. ನಿದ್ದೆ ಬರಿಸುವ ಡೋಸ್‌ಗೂ ಉಸಿರು ನಿಲ್ಲಿಸುವ ಡೋಸ್‌ಗೂ ಅಂತರ ಕಡಿಮೆ. ಬಿಪಿ ಕೂಡ ಬೀಳುತ್ತೆ. ಮಿಡಜೋಲಾಮ್‌ಗೆ ಫ್ಲುಮಜೆನಿಲ್ ಅಂತ ಪ್ರತ್ಯೌಷಧ ಇದೆ, ಪ್ರೊಪೊಫಾಲ್‌ಗೆ ಅಂಥದ್ದಿಲ್ಲ. 2009ರಲ್ಲಿ ಮೈಕಲ್ ಜಾಕ್ಸನ್ ಸತ್ತಿದ್ದು ಮನೆಯಲ್ಲಿ ನಿದ್ದೆಗೆಂದು ಇದನ್ನೇ ಕೊಡಿಸಿಕೊಂಡು, ಸರಿಯಾದ ಮಾನಿಟರ್ ಇಲ್ಲದೆ.

ಮಾನಿಟರ್ ಅಂದ್ರೆ ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಒಂದೇ ಸಾಲದು. ರೋಗಿಗೆ ಆಕ್ಸಿಜನ್ ಕೊಡುತ್ತಿದ್ದರೆ ಉಸಿರು ನಿಂತ ಮೇಲೂ ಸ್ವಲ್ಪ ಹೊತ್ತು ಅದು 98, 99 ಅಂತಲೇ ತೋರಿಸಬಹುದು. ಕ್ಯಾಪ್ನೋಗ್ರಾಫ್ ಹೊರಬರುವ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತೆ; ಉಸಿರು ನಿಂತ ತಕ್ಷಣ ಅದರ ಗೆರೆ ಚಪ್ಪಟೆ. ಸೆನ್ಸರ್ ಲ್ಯಾಗ್ ಅಂತ ಲ್ಯಾಬಿನಲ್ಲಿ ಓದೋದು ಇದೇ, ಇಲ್ಲಿ ಅದರ ಬೆಲೆ ಬೇರೆ.

ಇನ್ನು ಡಾಕ್ಟರು 24 ಗಂಟೆ ಬೈಕ್ ಓಡಿಸಬೇಡಿ ಅಂದಾಗ "ನಾನು ಫುಲ್ ಎಚ್ಚರ ಇದೀನಿ" ಅಂತ ವಾದ ಮಾಡಬೇಡಿ. ಉಳಿದೆರಡು ಕೆಪಾಸಿಟರ್‌ಗಳು ಇನ್ನೂ ಖಾಲಿ ಆಗಿರಲ್ಲ.